ಮೂರು ಕಂಪ್ಯೂಟರ್, ಹದಿನಾಲ್ಕು ಮಂದಿ: ಕಲಿಕೆ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕಿ. ಊರಿನ 14 ಮಂದಿ ಹುಡುಗ ಹುಡುಗಿಯರು ಕಂಪ್ಯೂಟರ್ ಕಲಿಸಿ ಎಂದು ಬೆನ್ನು ಬಿದ್ದಿದ್ದಾರೆ. ಎಲ್ಲರೂ 18ರಿಂದ 24ರ ವಯಸ್ಸಿನವರು. ಆರು ಮಂದಿ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟವರು, ಮೂವರು ಪಿಯುಸಿ ಫೇಲ್, ಇಬ್ಬರು ಐಟಿಐ, ಮೂವರು ಬಿ.ಎ. ಮುಗಿಸಿದವರು. ಹತ್ತಿ ಬಿಡಿಸುವ ಕಾಲಕ್ಕೆ ಕೂಲಿ, ಉಳಿದ ದಿನ ಬೆಂಗಳೂರಿಗೆ ಗುಳೆ ಹೋಗುವ ಮನೆಗಳ ಮಕ್ಕಳು. ಏಳು ಹುಡುಗಿಯರಲ್ಲಿ ಮೂವರನ್ನು ಮನೆಯವರು ಊರು ಬಿಡಲು ಬಿಡುವುದಿಲ್ಲ. ಕೇಂದ್ರದಲ್ಲಿ 3 ಕಂಪ್ಯೂಟರ್ ಇವೆ, ಕರೆಂಟ್ ಪದೇ ಪದೇ ಹೋಗುತ್ತದೆ. ತಾಲ್ಲೂಕಿನ ಕಂಪ್ಯೂಟರ್ ಸೆಂಟರಿನವರು ಮೂರು ತಿಂಗಳ ಕೋರ್ಸಿಗೆ ತಲಾ 6 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಸೇರಿಸಬಹುದೇ? ನಾವೇ ಕಲಿಸುವುದಾದರೆ ಏನು, ಹೇಗೆ? ಆರು ತಿಂಗಳಲ್ಲಿ ಏನಾದರೂ ಕೆಲಸ ಸಿಗುವಂತಾಗಬೇಕು.

ಉತ್ತರ: ಸದ್ಯಕ್ಕೆ ಯಾರೂ ದುಡ್ಡು ಕಟ್ಟುವುದು ಬೇಡ. 14 ಮಂದಿಗೆ 6 ಸಾವಿರದಂತೆ 84 ಸಾವಿರವಾಗುತ್ತದೆ. ಸಾಲ ಮಾಡಿ ಕಟ್ಟುವ ಮನೆಗಳಿಗೆ ಅದು ಒಂದು ಹಂಗಾಮಿನ ದುಡಿಮೆ. ಇಂಥ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಪೇಂಟ್, ವರ್ಡ್, ಪವರ್‌ಪಾಯಿಂಟ್ ಒಂದಿಷ್ಟಿಷ್ಟು ತೋರಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಕೆಲಸ ಕೊಡುವವನು ಆ ಕಾಗದ ನೋಡುವುದಿಲ್ಲ, ಎದುರಿಗೆ ಕೂರಿಸಿ ಒಂದು ಪುಟ ಟೈಪ್ ಮಾಡಿಸುತ್ತಾನೆ. ನಿಮ್ಮ ಮೊದಲ ವಾರ ಕಂಪ್ಯೂಟರಿನ ಮುಂದೆ ಅಲ್ಲ, ತಾಲ್ಲೂಕು ಪೇಟೆಯಲ್ಲಿ ಕಳೆಯಲಿ. ಕೆಲಸ ಯಾವುದು ಎಂದು ಗೊತ್ತಾದ ಮೇಲೆ ಕಲಿಸುವುದು ಯಾವುದು ಎಂಬುದು ತಾನಾಗಿ ತಿಳಿಯುತ್ತದೆ.

ಇಬ್ಬರು ಚುರುಕಾದವರನ್ನು ಜೊತೆಗೆ ಕರೆದುಕೊಂಡು ಎರಡು ದಿನ ಪೇಟೆ ಸುತ್ತಿ. ಎಪಿಎಂಸಿಯ ದಲಾಲಿ ಅಂಗಡಿ, ಹತ್ತಿ ಜಿನ್ನಿಂಗ್ ಮಿಲ್, ರೈಸ್ ಮಿಲ್, ಗೊಬ್ಬರ ಬೀಜದ ಅಂಗಡಿ, ಖಾಸಗಿ ಆಸ್ಪತ್ರೆ ಮತ್ತು ರಕ್ತ ತಪಾಸಣೆಯ ಲ್ಯಾಬ್, ಬೈಕ್ ಶೋರೂಮ್, ಕೊರಿಯರ್ ಗೋದಾಮು, ಖಾಸಗಿ ಶಾಲೆ, ವಕೀಲರ ಕಚೇರಿ, ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ಗ್ರಾಮ ಒನ್ ಕೇಂದ್ರ, ಒಂದನ್ನೂ ಬಿಡಬೇಡಿ. 'ಕೆಲಸ ಖಾಲಿ ಇದೆಯಾ' ಎಂದು ಮಾತ್ರ ಕೇಳಬೇಡಿ, ಎಲ್ಲರೂ 'ಇಲ್ಲ' ಅನ್ನುತ್ತಾರೆ. ಕಂಪ್ಯೂಟರಿನ ಮುಂದೆ ಈಗ ಯಾರು ಕೂರುತ್ತಾರೆ, ಯಾವ ಸಾಫ್ಟ್‌ವೇರ್ ತೆರೆದಿದೆ, ಹಿಂದೆ ಇದ್ದವನು ಏಕೆ ಬಿಟ್ಟ, ಯಾವ ತಪ್ಪಿನಿಂದ ನಿಮಗೆ ನಷ್ಟವಾಗುತ್ತದೆ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಮಾಲೀಕರು ಮನಸ್ಸು ಬಿಚ್ಚಿ ಮಾತಾಡುತ್ತಾರೆ, ನಿಮ್ಮ ಪಾಠದ ಪಟ್ಟಿ ಅಲ್ಲೇ ಸಿಗುತ್ತದೆ.

ಅಲ್ಲಿ ನಿಮಗೆ ಕಾಣುವುದು ಬಹುಮಟ್ಟಿಗೆ ಹೀಗಿರುತ್ತದೆ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್, ಮಾರುಕಟ್ಟೆಯ ಆನ್‌ಲೈನ್ ವೇದಿಕೆಗೆ ಲಾಟ್ ವಿವರ ತುಂಬುವುದು, ರೈತರ ಪಟ್ಟಿ. ಗೊಬ್ಬರದ ಅಂಗಡಿಯಲ್ಲಿ ಪಿಒಎಸ್ ಯಂತ್ರದಲ್ಲಿ ರೈತರ ಆಧಾರ್ ತೆಗೆದುಕೊಂಡು ಮಾರಾಟ ದಾಖಲಿಸಬೇಕು, ಯಂತ್ರದ ದಾಸ್ತಾನು ಗೋದಾಮಿನ ಚೀಲಕ್ಕೆ ತಾಳೆಯಾಗದಿದ್ದರೆ ಮಾಲೀಕನಿಗೆ ತೊಂದರೆ. ಶಾಲೆಯಲ್ಲಿ ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ದಾಖಲೆ: ಮಗುವಿನ ಹೆಸರಿನ ಒಂದು ಅಕ್ಷರ ತಪ್ಪಿದರೆ ಅದು ಹತ್ತನೇ ತರಗತಿಯ ಅಂಕಪಟ್ಟಿಯವರೆಗೂ ಹೋಗುತ್ತದೆ. ವಕೀಲರಿಗೆ ಕನ್ನಡ ಮತ್ತು ಇಂಗ್ಲಿಷ್ ಟೈಪಿಂಗ್. ಆಸ್ಪತ್ರೆಗೆ ಬಿಲ್ಲಿಂಗ್, ಜೊತೆಗೆ ನೊಂದು ಬಂದವರೊಡನೆ ತಾಳ್ಮೆಯ ಮಾತು. ಇವೆಲ್ಲಕ್ಕೂ ಸಾಮಾನ್ಯವಾದದ್ದು ಮೂರು: ನೋಡದೆ ಟೈಪ್ ಮಾಡುವುದು, ಅಂಕಿ ಮತ್ತು ಹೆಸರು ತಪ್ಪದಂತೆ ತುಂಬುವುದು, ಪಟ್ಟಿಯನ್ನು ಎಕ್ಸೆಲ್‌ನಂಥ ಶೀಟಿನಲ್ಲಿ ಸರಿಯಾಗಿ ಇಡುವುದು. ಮೊದಲ ಮೂರು ತಿಂಗಳು 14 ಮಂದಿಗೂ ಇಷ್ಟೇ ಸಾಕು. ಪವರ್‌ಪಾಯಿಂಟ್ ಕೈಬಿಡಿ.

ಟೈಪಿಂಗ್‌ಗೆ ಗುರಿ ಇಟ್ಟುಕೊಳ್ಳಲು ಒಂದು ಅಳತೆ ಬೇಕು. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಡೇಟಾ ಎಂಟ್ರಿ ಹುದ್ದೆಗೆ ಗಂಟೆಗೆ 8,000 ಕೀ ಒತ್ತುವ ವೇಗ ಕೇಳುತ್ತದೆ. ಐದು ಕೀಗೆ ಒಂದು ಪದ ಎಂಬ ಲೆಕ್ಕದಲ್ಲಿ ಅದು ನಿಮಿಷಕ್ಕೆ ಸುಮಾರು 27 ಪದ. ಖಾಸಗಿ ಕೆಲಸಕ್ಕೂ ಇದೇ ಗುರಿ ಇರಲಿ. ದಿನಕ್ಕೆ 40 ನಿಮಿಷ, ವಾರಕ್ಕೆ ಆರು ದಿನ ಕೂತವರು ಸಾಮಾನ್ಯವಾಗಿ 10ರಿಂದ 12 ವಾರದಲ್ಲಿ ಅಲ್ಲಿಗೆ ಮುಟ್ಟುತ್ತಾರೆ. ವಾರಕ್ಕೆ ಒಂದೇ ದಿನ ನಾಲ್ಕು ಗಂಟೆ ಕೂತರೆ ಮುಟ್ಟುವುದಿಲ್ಲ, ಬೆರಳಿಗೆ ಬೇಕಾದದ್ದು ದಿನದಿನದ ಅಭ್ಯಾಸ. ಎಡ ತೋರುಬೆರಳು 'ಎಫ್' ಕೀ ಮೇಲೆ, ಬಲ ತೋರುಬೆರಳು 'ಜೆ' ಕೀ ಮೇಲೆ ಇರಬೇಕು. ಆ ಎರಡರ ಮೇಲೂ ಸಣ್ಣ ಗೀರು ಕೈಗೆ ಸಿಗುತ್ತದೆ. ಕೀಬೋರ್ಡ್ ಮತ್ತು ಕೈಯ ಮೇಲೆ ಟವೆಲ್ ಹೊದಿಸಿ. ಮೊದಲ ಮೂರು ವಾರ ವೇಗ ಅಳೆಯಲೇಬೇಡಿ. ಅಳೆದರೆ ಎರಡೇ ಬೆರಳಲ್ಲಿ ಕುಟ್ಟುವ ಹುಡುಗ ಗೆಲ್ಲುತ್ತಾನೆ, ಸರಿಯಾಗಿ ಕಲಿಯುತ್ತಿರುವವಳು ಸೋತೆ ಅಂದುಕೊಳ್ಳುತ್ತಾಳೆ. ಎರಡು ಬೆರಳಿನವರು ಒಂದು ವೇಗಕ್ಕೆ ಬಂದು ನಿಂತುಬಿಡುತ್ತಾರೆ, ಆಮೇಲೆ ಆ ರೂಢಿ ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಆರನೇ ವಾರದಿಂದ ಕನ್ನಡ ಶುರು ಮಾಡಿ, ಕನ್ನಡ ಟೈಪಿಂಗ್ ತಂತ್ರಾಂಶವಾದ 'ನುಡಿ'ಯ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆಯಲ್ಲೇ. ಫೋನಿನಲ್ಲಿ 'ನಮಸ್ಕಾರ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಮಾಡಿಕೊಳ್ಳುವ ರೂಢಿ ಕಚೇರಿ ಕೆಲಸಕ್ಕೆ ಸಾಲದು. ಕೆಜಿಪಿ ವಿನ್ಯಾಸದ ಗುಟ್ಟು ಸರಳ: 'ಎಫ್' ಕೀ ಅಕ್ಷರವನ್ನು ಅರ್ಧ ಮಾಡುತ್ತದೆ, ಒತ್ತಕ್ಷರ ಬೇಕಾದರೆ ಎರಡು ಅಕ್ಷರದ ನಡುವೆ ಅದನ್ನು ಒತ್ತಬೇಕು. 'ಅಮ್ಮ' ಬರಲು ಎ, ಎಂ, ಎಫ್, ಎಂ. 'ಟ' ಇರುವುದು 'ಕ್ಯೂ' ಕೀಯಲ್ಲಿ, 'ಡ' ಇರುವುದು 'ಡಬ್ಲ್ಯು' ಕೀಯಲ್ಲಿ. ಎಲ್ಲರೂ ಮೊದಲು ಎಡವುವುದು ಈ ಎರಡರಲ್ಲೇ. ಇನ್ನೊಂದು ವಿಷಯ ಮೊದಲ ದಿನವೇ ಹೇಳಿಬಿಡಿ: ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಹೊಡೆದದ್ದು ಬೇರೆ, ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್ ಬೇರೆ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಆಸ್ಕಿ ನಡೆಯುತ್ತದೆ, ಸರ್ಕಾರಿ ಪೋರ್ಟಲ್‌ಗಳಿಗೆ ಯೂನಿಕೋಡ್ ಬೇಕು. ಆಸ್ಕಿಯಲ್ಲಿ ಹೊಡೆದದ್ದನ್ನು ಪೋರ್ಟಲ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬೀಳುತ್ತವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಲು ಬಲ್ಲವನಿಗೆ ಪೇಟೆಯಲ್ಲಿ ಬೆಲೆಯಿದೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಒಡೆದಿವೆಯೇ ಎಂದು ಸಾಲುಸಾಲಾಗಿ ಓದಿ ನೋಡುವ ರೂಢಿಯೂ ಬೀಳಲಿ.

ಬಿ.ಎ. ಮುಗಿಸಿದವರು ಮತ್ತು ಟೈಪಿಂಗ್‌ನಲ್ಲಿ ಮುಂದೆ ಬಂದವರು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ ನಡೆಸುವ ಜೂನಿಯರ್, ಸೀನಿಯರ್ ಬೆರಳಚ್ಚು ಪರೀಕ್ಷೆ ಕಟ್ಟಲಿ. ಜಿಲ್ಲಾ ನ್ಯಾಯಾಲಯಗಳ ಬೆರಳಚ್ಚುಗಾರರ ಹುದ್ದೆಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಕೇಳುತ್ತಾರೆ. ನಿಮ್ಮ ಜಿಲ್ಲೆಯವರಿಗೆ ಕಲ್ಯಾಣ ಕರ್ನಾಟಕದವರಿಗೆಂದೇ ಇರುವ 371ಜೆ ಮೀಸಲಾತಿಯೂ ಇದೆ. ಆ ಪ್ರಮಾಣಪತ್ರವನ್ನು ಅಧಿಸೂಚನೆ ಬಂದ ಮೇಲೆ ಓಡಾಡಿ ಮಾಡಿಸುವುದಲ್ಲ, ಈಗಲೇ ಮಾಡಿಸಿಡಿ.

ಶೀಟಿನ ಪಾಠದಲ್ಲಿ ಸೂತ್ರಗಳಿಗಿಂತ ಮೊದಲು ತಪ್ಪುಗಳನ್ನು ಕಲಿಸಿ. ಎಕ್ಸೆಲ್ ಅಂಕಿಯಲ್ಲಿ 15 ಸ್ಥಾನ ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆ ಹೊಡೆದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ, ಮುಂದೆ ಸೊನ್ನೆ ಇದ್ದರೆ ಅದೂ ಮಾಯವಾಗುತ್ತದೆ. ಸಂಬಳವೋ ಪರಿಹಾರವೋ ಬೇರೊಬ್ಬರ ಖಾತೆಗೆ ಹೋಗಬಹುದು, ಇಲ್ಲವೇ ವಾಪಸ್ ಬರಬಹುದು. ಖಾತೆ, ಆಧಾರ್, ಫೋನ್ ಸಂಖ್ಯೆಯ ಕಾಲಂಗಳನ್ನು ತುಂಬುವ ಮೊದಲೇ 'ಟೆಕ್ಸ್ಟ್' ಎಂದು ಗುರುತು ಮಾಡಬೇಕು. ತುಂಬಿದ ಮೇಲೆ ಮಾಡಿದರೆ ಹೋದ ಅಂಕಿ ಬರುವುದಿಲ್ಲ. ತಾರೀಖಿನದು ಇನ್ನೊಂದು ಬಲೆ. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದು ಇದ್ದರೆ 03/08 ಎಂಬುದು ಆಗಸ್ಟ್ 3ರ ಬದಲು ಮಾರ್ಚ್ 8 ಆಗುತ್ತದೆ; 25/08 ತಾರೀಖೇ ಆಗದೆ ಬರೀ ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಇದ್ದರೆ ಅಲ್ಲೇ ನಿಲ್ಲಬೇಕು. ಮೂರನೆಯದು, ಒಂದೇ ಕಾಲಂ ಆರಿಸಿ ಸಾರ್ಟ್ ಮಾಡುವುದು. ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಮೊತ್ತ ಬಂದು ಕೂರುತ್ತದೆ, ಫೈಲ್ ಉಳಿಸಿ ಮುಚ್ಚಿದ ಮೇಲೆ ತಿದ್ದಲು ದಾರಿಯಿಲ್ಲ. ಇಷ್ಟು ಗಟ್ಟಿಯಾದ ಮೇಲೆ ಫಿಲ್ಟರ್, ನಕಲು ಸಾಲು ತೆಗೆಯುವುದು, ವಿ-ಲುಕಪ್ (ಒಂದು ಪಟ್ಟಿಯಿಂದ ವಿವರ ಹುಡುಕಿ ತರುವ ಸೂತ್ರ), ಪಿವಟ್ ಟೇಬಲ್ (ಉದ್ದನೆಯ ಪಟ್ಟಿಯ ಸಾರಾಂಶ ತೆಗೆಯುವುದು). ಅಭ್ಯಾಸಕ್ಕೆ 200 ಸಾಲಿನ ಕಲ್ಪಿತ ಹೆಸರುಗಳ ಪಟ್ಟಿ ಮಾಡಿ, ಬೇಕೆಂದೇ ಇಪ್ಪತ್ತು ತಪ್ಪು ಸೇರಿಸಿ ಕೊಡಿ. ಪಂಚಾಯಿತಿಯ ನಿಜವಾದ ಫಲಾನುಭವಿ ಪಟ್ಟಿಯನ್ನು ಯಾವ ಕಾರಣಕ್ಕೂ ಬಳಸಬೇಡಿ.

ಸಾಫ್ಟ್‌ವೇರ್‌ಗೆ ಖರ್ಚಿಲ್ಲ. ಲಿಬ್ರೆ ಆಫೀಸ್ ಉಚಿತ. ಟ್ಯಾಲಿ ಪ್ರೈಮ್‌ಗೆ ಎಜುಕೇಷನಲ್ ಮೋಡ್ ಇದೆ, ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿನ ವೋಚರ್ (ವ್ಯವಹಾರದ ನಮೂದು) ಮಾತ್ರ ಹಾಕಬಹುದು, ಕಲಿಯಲು ಅಷ್ಟು ಸಾಕು. ಕದ್ದ ಪ್ರತಿ ಹಾಕಿಸಬೇಡಿ, ಅದರ ಜೊತೆ ವೈರಸ್ ಬರುತ್ತದೆ. ಟ್ಯಾಲಿ ಎಲ್ಲರಿಗೂ ಬೇಡ, ಪೇಟೆಯ ಲೆಕ್ಕದ ಕೆಲಸಕ್ಕೆ ಹೋಗುವ ನಾಲ್ಕೈದು ಮಂದಿಗೆ ನಾಲ್ಕನೇ ತಿಂಗಳಿಂದ ಸಾಕು. ಅವರಿಗೆ ಮೊದಲು ಕಾಗದದ ಮೇಲೆ ಜಮಾ ಖರ್ಚು ಬರೆಸಿ. ಯಾವ ಖಾತೆಗೆ ಜಮಾ, ಯಾವುದಕ್ಕೆ ಖರ್ಚು ಎಂದು ತಿಳಿಯದೆ ಟ್ಯಾಲಿ ಕಲಿತವರು ಕೀ ಒತ್ತುವ ಕ್ರಮ ಮಾತ್ರ ಕಲಿತಿರುತ್ತಾರೆ, ಬಿಲ್ ಸ್ವಲ್ಪ ಬದಲಾದರೆ ನಿಂತುಬಿಡುತ್ತಾರೆ. ಸಾಗಿಸುವ ಸರಕಿನ ಬೆಲೆ 50 ಸಾವಿರ ರೂಪಾಯಿ ಮೀರಿದರೆ ಇ-ವೇ ಬಿಲ್, ಪ್ರತಿ ತಿಂಗಳು ರಿಟರ್ನ್ ತುಂಬುವ ವ್ಯಾಪಾರಿಗೆ ಮುಂದಿನ ತಿಂಗಳ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ 3ಬಿ. ಇವು ಬಾಯಿಗೆ ಬಂದರೆ ಮಾಲೀಕನಿಗೆ ನಂಬಿಕೆ ಹುಟ್ಟುತ್ತದೆ.

ಈಗ ಕರೆಂಟ್. 600 ವಿಎ ಯುಪಿಎಸ್ ಒಂದು ಕಂಪ್ಯೂಟರನ್ನು ಕಾಲು ಗಂಟೆ ಎಳೆಯುತ್ತದೆ, ಫೈಲ್ ಉಳಿಸಲು ಅಷ್ಟೇ. 12 ವೋಲ್ಟಿನ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಲೆಕ್ಕ ಹೀಗೆ: 12ನ್ನು 150ರಿಂದ ಗುಣಿಸಿದರೆ 1,800 ವ್ಯಾಟ್ ಗಂಟೆ, ಬ್ಯಾಟರಿ ಪೂರ್ತಿ ಇಳಿಸಬಾರದು, ಇನ್ವರ್ಟರಿನಲ್ಲೂ ನಷ್ಟವಿದೆ, ಕೈಗೆ ಸಿಗುವುದು ಸುಮಾರು 1,100. ಮೂರು ಕಂಪ್ಯೂಟರಿಗೆ ತಲಾ 100 ವ್ಯಾಟ್ ಹಿಡಿದರೆ ಮೂರೂವರೆ ಗಂಟೆ ನಡೆಯುತ್ತದೆ. ನಿಮ್ಮ 14 ಮಂದಿಗೆ ಐದು ಪಾಳಿ, ಪಾಳಿಗೆ 40 ನಿಮಿಷ, ಒಟ್ಟು 3 ಗಂಟೆ 20 ನಿಮಿಷ. ಹೊಸ ಬ್ಯಾಟರಿಯಲ್ಲಿ ಸರಿಹೋಗುತ್ತದೆ, ಎರಡು ವರ್ಷ ಹಳೆಯದಾದರೆ ಒಂದು ಪಾಳಿ ಕಡಿಮೆಯಾದೀತು. ಪ್ರಿಂಟರನ್ನು ಮಾತ್ರ ಇನ್ವರ್ಟರಿಗೆ ಜೋಡಿಸಬೇಡಿ, ಲೇಸರ್ ಪ್ರಿಂಟರ್ ಒಮ್ಮೆಲೇ ಎಳೆಯುವ ಕರೆಂಟಿಗೆ ಅದು ಟ್ರಿಪ್ ಆಗುತ್ತದೆ. ಪಾಳಿಯ ಹೊರಗೂ ಅಭ್ಯಾಸ ಬೇಕೆಂದರೆ ಅವರ ಆಂಡ್ರಾಯ್ಡ್ ಫೋನಿಗೇ ಒಟಿಜಿ ಕನೆಕ್ಟರ್ ಹಾಕಿ ಸಾಧಾರಣ ಯುಎಸ್‌ಬಿ ಕೀಬೋರ್ಡ್ ಚುಚ್ಚಿ. ಎರಡೂ ಸೇರಿ ನಾನೂರು ಐನೂರು ರೂಪಾಯಿಯಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಟೈಪಿಂಗ್‌ಗೂ ಗೂಗಲ್ ಶೀಟ್ಸ್‌ಗೂ ಅದು ಚೆನ್ನಾಗಿ ಒದಗುತ್ತದೆ. ಫೋನಿಗೆ ಒಟಿಜಿ ಬೆಂಬಲ ಇದೆಯೇ ಎಂದು ಕೊಳ್ಳುವ ಮೊದಲು ಪರೀಕ್ಷಿಸಿ.

ಕಲಿಕೆಯಷ್ಟೇ ಮುಖ್ಯವಾದ ಇನ್ನೊಂದು ಕೆಲಸವಿದೆ, ಅದನ್ನು ಮೊದಲ ತಿಂಗಳೇ ಮಾಡಿ. ಪ್ರತಿಯೊಬ್ಬರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಹೆಸರು, ಇನಿಷಿಯಲ್, ತಂದೆಯ ಹೆಸರು, ಹುಟ್ಟಿದ ತಾರೀಖು ತಾಳೆ ನೋಡಿ. ಒಂದರಲ್ಲಿ 'ಹುಲಿಗೆಮ್ಮ', ಇನ್ನೊಂದರಲ್ಲಿ 'ಹುಲಿಗೆಮ್ಮ ತಂದೆ ಯಲ್ಲಪ್ಪ', ಮತ್ತೊಂದರಲ್ಲಿ ಬೇರೆ ಸ್ಪೆಲಿಂಗ್ ಇರುವುದು ನಿಮ್ಮ ಭಾಗದಲ್ಲಿ ಸಾಮಾನ್ಯ. ಹೀಗಿದ್ದರೆ ಪಿಎಫ್ ಖಾತೆಯ ಕೆವೈಸಿ ಆಗುವುದಿಲ್ಲ, ಕೆಲಸ ಬಿಟ್ಟ ಮೇಲೆ ದುಡ್ಡು ಸಿಕ್ಕಿಬೀಳುತ್ತದೆ. ಅಂಕಪಟ್ಟಿಯನ್ನೇ ಆಧಾರವಾಗಿಟ್ಟು ಉಳಿದವನ್ನು ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹುಟ್ಟಿದ ತಾರೀಖು ಬದಲಿಸಲು ಒಮ್ಮೆ, ಹೆಸರಿಗೆ ಎರಡು ಬಾರಿ ಮಾತ್ರ ಅವಕಾಶ, ಆದ್ದರಿಂದ ಆತುರ ಬೇಡ. ಎಲ್ಲರಿಗೂ ಡಿಜಿಲಾಕರ್ ತೆರೆಸಿ. ಆಧಾರ್‌ಗೆ ಜೋಡಿಸಿದ ಫೋನ್ ನಂಬರ್ ಅವರದ್ದೇ ಆಗಿರಲಿ, ಮಾವನದ್ದೋ ಅಣ್ಣನದ್ದೋ ಅಲ್ಲ. ಹುಡುಗಿಯರ ವಿಷಯದಲ್ಲಿ ಈ ಒಂದೇ ಕಾರಣಕ್ಕೆ ಎಷ್ಟೋ ಅರ್ಜಿಗಳು ಒಟಿಪಿ ಹಂತದಲ್ಲಿ ನಿಲ್ಲುತ್ತವೆ.

ಊರು ಬಿಡಲಾಗದ ಆ ಮೂವರಿಗೆ ಕೆಲಸವೇ ಇಲ್ಲ ಎಂದುಕೊಳ್ಳಬೇಡಿ. ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿಯ ಜವಾಬ್ದಾರಿ ಇದೆ; ಸ್ವಸಹಾಯ ಸಂಘಗಳ ವ್ಯವಹಾರವನ್ನು ಈಗ ಲೋಕೋಸ್ ಆ್ಯಪ್‌ನಲ್ಲಿ ತುಂಬಬೇಕು. ಬ್ಯಾಂಕಿನ ಪರವಾಗಿ ಮನೆಬಾಗಿಲಲ್ಲಿ ಹಣ ಕೊಡುವ ತೆಗೆದುಕೊಳ್ಳುವ ಬಿ.ಸಿ. ಸಖಿ ಆಗಲು ಸಂಘದ ಸದಸ್ಯತ್ವ ಮತ್ತು ಬ್ಯಾಂಕಿಂಗ್ ಸಂಸ್ಥೆಯಾದ ಐಐಬಿಎಫ್ ನಡೆಸುವ ಪರೀಕ್ಷೆ ಬೇಕು. ಅವರ ಮನೆಯ ತಾಯಿಯೋ ಅತ್ತಿಗೆಯೋ ಸಂಘದಲ್ಲಿದ್ದರೆ ಒಕ್ಕೂಟದ ಸಭೆಗೆ ಜೊತೆಯಲ್ಲಿ ಹೋಗಿ ಮಾತಾಡಿ. ತಾಲ್ಲೂಕಿಗೆ ದಿನ ಹೋಗಿಬರುವುದಕ್ಕೆ ಮನೆಯವರು ಒಪ್ಪಿದರೆ ಬಸ್ಸಿನ ಖರ್ಚಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಅಡ್ಡಿ ಬರುವುದು ಸಂಜೆಯ ಕೊನೆಯ ಬಸ್ಸು. ಅದರ ವೇಳೆ ನೋಡಿಕೊಂಡೇ ಅಂಗಡಿಯವರೊಡನೆ ಕೆಲಸದ ಸಮಯ ಮಾತಾಡಿ.

ಐಟಿಐ ಆದ ಇಬ್ಬರನ್ನು ಡೇಟಾ ಎಂಟ್ರಿಗೆ ಕೂರಿಸುವುದು ನಷ್ಟ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ, ಹಟ್ಟಿ ಚಿನ್ನದ ಗಣಿಯಂಥ ಕಡೆ ವಿಚಾರಿಸಿ. ಸ್ವಂತ ಕೆಲಸದ ಮನಸ್ಸಿರುವವರಿಗೆ ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಾದ ಆರ್‌ಸೆಟಿಯಲ್ಲಿ ಊಟ ವಸತಿ ಸಹಿತ ಉಚಿತ ತರಬೇತಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯನ್ನೇ ದೇಶವೆಲ್ಲ ತೆಗೆದುಕೊಂಡದ್ದು. ಮೊಬೈಲ್ ರಿಪೇರಿ 30 ದಿನ, ಸಿಸಿಟಿವಿ ಅಳವಡಿಕೆ 13 ದಿನ. ಅಂಗಡಿ, ಗೋದಾಮು, ಶಾಲೆಗಳೆಲ್ಲ ಕ್ಯಾಮೆರಾ ಹಾಕಿಸುತ್ತಿರುವ ಈ ಹೊತ್ತಿನಲ್ಲಿ ಎಲೆಕ್ಟ್ರಿಷಿಯನ್ ಕಲಿತವನಿಗೆ ಸಿಸಿಟಿವಿ ಬಹಳ ಹೊಂದುತ್ತದೆ.

ಬೆಂಗಳೂರಿಗೆ ಹೋಗಲು ಸಿದ್ಧರಿರುವವರಲ್ಲಿ ಅವರೇ ಗಮನಿಸದ ಒಂದು ಬಂಡವಾಳವಿದೆ. ರಾಯಚೂರಿನ ಮಕ್ಕಳು ಕನ್ನಡದ ಜೊತೆ ತೆಲುಗು, ದಖನಿ ಅಥವಾ ಹಿಂದಿ ಸಲೀಸಾಗಿ ಆಡುತ್ತಾರೆ. ಗ್ರಾಹಕರ ಕರೆ ಸ್ವೀಕರಿಸುವ ಕಂಪನಿಗಳಿಗೆ ಇಂಥವರೇ ಬೇಕು. ರೆಸ್ಯೂಮಿನಲ್ಲಿ ಭಾಷೆಗಳು ಕೊನೆಯ ಸಾಲಿನಲ್ಲಲ್ಲ, ಹೆಸರಿನ ಕೆಳಗೇ ಬರಲಿ. ಮಾತಿನ ಧಾಟಿ ಬದಲಿಸುವ ಅಗತ್ಯವಿಲ್ಲ, ವೇಗ ತಗ್ಗಿಸಿದರೆ ಸಾಕು. ದಿನಾ ಇಬ್ಬಿಬ್ಬರು ಫೋನಿನಲ್ಲಿ ಎರಡು ನಿಮಿಷ ಗ್ರಾಹಕ, ಸಿಬ್ಬಂದಿಯಾಗಿ ಮಾತಾಡಿ ರೆಕಾರ್ಡ್ ಮಾಡಿಕೊಂಡು ತಾವೇ ಕೇಳಲಿ. ಸಿಟ್ಟಾದ ಗ್ರಾಹಕನ ಪಾತ್ರವನ್ನು ಹೆಚ್ಚು ಬಾರಿ ಮಾಡಿಸಿ.

ಆದರೆ ಸಂಬಳದ ಲೆಕ್ಕ ಮೊದಲೇ ಹೇಳಿ ಕಳಿಸಿ. 16 ಸಾವಿರ ಎಂದರೆ ಕೈಗೆ 16 ಸಾವಿರ ಅಲ್ಲ. ಮೂಲವೇತನ 12 ಸಾವಿರವಾದರೆ ಅದರ ಶೇ 12ರಂತೆ ಪಿಎಫ್ 1,440, ಒಟ್ಟು ಸಂಬಳದ ಮೇಲೆ ಶೇ 0.75ರಂತೆ ಆರೋಗ್ಯ ವಿಮೆಯ ಇಎಸ್‌ಐ 120, ಉಳಿಯುವುದು 14,440. ಹಂಚಿಕೊಂಡ ಪಿಜಿ ಊಟ ಸಹಿತ ಆರೂವರೆ ಸಾವಿರ ಎಂದಿಟ್ಟುಕೊಳ್ಳಿ. ಸಂಬಳ ಕೈಗೆ ಬರುವುದು ಸೇರಿದ ಮೂವತ್ತು ನಲವತ್ತು ದಿನದ ಮೇಲೆ. ಅಷ್ಟರಲ್ಲಿ ಪಿಜಿ ಮುಂಗಡ, ಮೊದಲ ತಿಂಗಳ ಬಾಡಿಗೆ, ಓಡಾಟ, ಮಧ್ಯಾಹ್ನದ ತಿಂಡಿ ಸೇರಿ 16ರಿಂದ 18 ಸಾವಿರ ಬೇಕು. ಹಳ್ಳಿಯಿಂದ ಹೋದವರು ಒಂದೇ ತಿಂಗಳಲ್ಲಿ ವಾಪಸ್ ಬರುವುದಕ್ಕೆ ದೊಡ್ಡ ಕಾರಣ ಇದು. ಕೆಲಸ ಬಾರದೆ ಅಲ್ಲ, ದುಡ್ಡು ಮುಗಿದು ಬರುತ್ತಾರೆ. ಬಿ.ಎ. ಆದವರು 2022-23ರಲ್ಲೋ ಆಮೇಲೋ ಪಾಸಾಗಿ, 180 ದಿನ ಕೆಲಸ ಸಿಗದಿದ್ದರೆ ಯುವನಿಧಿಯ ತಿಂಗಳ 3,000ಕ್ಕೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಲಿ, ಆ ಹಣವನ್ನು ಈ ನಲವತ್ತು ದಿನಕ್ಕೆಂದೇ ತೆಗೆದಿಡಲಿ. ಉಳಿದವರಿಗೆ ಒಕ್ಕೂಟದಿಂದ ಕಡಿಮೆ ಬಡ್ಡಿಯ ಸಾಲ ಮಾತಾಡಿ. ಒಬ್ಬೊಬ್ಬರನ್ನೇ ಕಳಿಸಬೇಡಿ, ಇಬ್ಬರು ಮೂವರು ಒಂದೇ ಕಂಪನಿಗೆ, ಒಂದೇ ಪಿಜಿಗೆ ಹೋಗಲಿ.

ಮೋಸದ ವಿಷಯಕ್ಕೆ ಒಂದು ಇಡೀ ದಿನದ ಪಾಠ ಮೀಸಲಿಡಿ. ನೋಂದಣಿ ಶುಲ್ಕ ಕೇಳುವ ಕೆಲಸ ಕೆಲಸವಲ್ಲ. 'ಮನೆಯಿಂದಲೇ ಡೇಟಾ ಎಂಟ್ರಿ' ಎಂದು ಫೈಲ್ ಕೊಟ್ಟು, ಕೊನೆಗೆ ನಿಖರತೆ ಸಾಲದು, ಕರಾರು ಮುರಿದಿದ್ದೀರಿ ಎಂದು ವಕೀಲರ ನೋಟಿಸ್ ಕಳಿಸಿ ದುಡ್ಡು ಕೀಳುತ್ತಾರೆ. ಅದಕ್ಕೆ ಹೆದರಿ ಕಟ್ಟಬಾರದು. ಕಮಿಷನ್ ಆಸೆಗೆ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಟ್ಟವರ ಖಾತೆಗೆ ಸೈಬರ್ ವಂಚನೆಯ ಹಣ ಬರುತ್ತದೆ. ಖಾತೆ ಸ್ತಂಭನವಾಗುವುದು, ಪೊಲೀಸರು ಹುಡುಕಿಕೊಂಡು ಬರುವುದು ಇವರ ಮನೆಗೇ. ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್‌ನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಕರೆದೊಯ್ದು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ 2022ರಲ್ಲೇ ವಿದೇಶಾಂಗ ಸಚಿವಾಲಯ ಎಚ್ಚರಿಸಿದೆ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ.

ಸರ್ಟಿಫಿಕೇಟ್ ಬೇಕೇ ಬೇಕು ಎನ್ನುವವರಿಗೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಶಿಕ್ಷಣ ಸಂಸ್ಥೆಯಾದ ನೈಲಿಟ್‌ನ ಸಿಸಿಸಿ ಸಾಕು: 80 ಗಂಟೆಯ ಪಠ್ಯ, 90 ನಿಮಿಷದಲ್ಲಿ 100 ಪ್ರಶ್ನೆ, 50 ಬಂದರೆ ಪಾಸ್, ಶುಲ್ಕ ಸುಮಾರು 600 ರೂಪಾಯಿ. ಮನೆಯಲ್ಲೇ ಓದಿ ನೇರವಾಗಿ ಪರೀಕ್ಷೆ ಕಟ್ಟಬಹುದು.

ಕೆಲಸ ಸಿಕ್ಕ ದಿನ ನಿಮ್ಮ ಪುಸ್ತಕದಿಂದ ಅವರ ಹೆಸರು ಹೊಡೆಯಬೇಡಿ. ಮೊದಲ ವಾರ ದಿನ ಬಿಟ್ಟು ದಿನ, ಆಮೇಲೆ ಮೂರು ತಿಂಗಳು ವಾರಕ್ಕೊಮ್ಮೆ ಫೋನ್ ಮಾಡಿ. ನೇಮಕಾತಿ ಪತ್ರ ಕೊಟ್ಟರಾ, ಮೂಲ ಅಂಕಪಟ್ಟಿ ಕಸಿದುಕೊಂಡರಾ, ಸಂಬಳದ ಸ್ಲಿಪ್‌ನಲ್ಲಿ ಕಡಿತವಾದ ಪಿಎಫ್ ಹಣ ಅವರ ಪಿಎಫ್ ಖಾತೆಯ (ಯುಎಎನ್) ಪಾಸ್‌ಬುಕ್‌ನಲ್ಲಿ ಕಾಣುತ್ತಿದೆಯಾ ಎಂದು ಕೇಳಿ. ಪೇಟೆಯ ಅಂಗಡಿಗೆ ಸೇರಿದವರ ಮಾಲೀಕರನ್ನು ಹದಿನೈದು ದಿನಕ್ಕೆ ನೀವೇ ಹೋಗಿ ಕಂಡು, ಎಲ್ಲಿ ತಪ್ಪುತ್ತಾರೆ ಎಂದು ಕೇಳಿ ಬನ್ನಿ. ಅದೇ ಮುಂದಿನ ತಂಡದ ಪಾಠ.

ಪಿಯುಸಿ ಫೇಲಾದ ಮೂವರ ವಿಷಯ ಉಳಿಯಿತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುತ್ತದೆ. ಟೈಪಿಂಗ್ ಪಾಳಿಯ ಜೊತೆಗೇ ಬಾಕಿ ವಿಷಯ ಕಟ್ಟಿಸಿ, ಪಿಯುಸಿ ಇಲ್ಲದಿದ್ದರೆ ಅರ್ಜಿಯ ಹಂತದಲ್ಲೇ ಎಷ್ಟೋ ಬಾಗಿಲು ಮುಚ್ಚುತ್ತವೆ. ಎಸ್ಸೆಸ್ಸೆಲ್ಸಿಗೇ ಬಿಟ್ಟ ಆರು ಮಂದಿಯಲ್ಲಿ ಕಂಪ್ಯೂಟರಿನ ಮೇಲೆ ನಿಜವಾಗಿ ಮನಸ್ಸು ಕೂತವರಿಗೆ ಸರ್ಕಾರಿ ಐಟಿಐಯ ಒಂದು ವರ್ಷದ 'ಕೋಪಾ' (ಕಂಪ್ಯೂಟರ್ ಆಪರೇಟರ್) ಟ್ರೇಡ್ ಒಳ್ಳೆಯದು, ಹತ್ತನೇ ತರಗತಿ ಪಾಸಾದರೆ ಸಾಕು. ಪ್ರವೇಶದ ಅರ್ಜಿ ಕರೆಯುವ ಹೊತ್ತಿಗೆ ಜಾತಿ, ಆದಾಯ ಪ್ರಮಾಣಪತ್ರಗಳ ಅವಧಿ ಮುಗಿದಿಲ್ಲವೇ ಎಂದು ಈ ತಿಂಗಳೇ ನಾಡಕಚೇರಿಯಲ್ಲಿ ನೋಡಿಸಿ.